ವಾಚನಾಲಯದಲ್ಲಿ ಬಾರ್ಬರಾ ಅಲೆನ್

ಮೇ ತಿಂಗಳಲ್ಲಿ ಬಳ್ಳಾರಿಯಲ್ಲಿ ಕೂತು ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಜನಪದ ಹಾಡು ಹುಡುಕುವುದರಲ್ಲಿ ಒಂದು ಸುಖ ಇದೆ. ಹಾಡು ಸಿಗದಿದ್ದರೂ ಮಂಜು ಕವಿದ ಬೆಟ್ಟದ ಫೋಟೋಗಳು ಸಿಗುತ್ತವೆ. ನಮ್ಮ ಬಳ್ಳಾರಿ ಗುಡ್ಡವನ್ನು ಮಧ್ಯಾಹ್ನದ ಹೊತ್ತು ನೋಡಿದರೆ ನೋಡಿದವರಿಗೇ ಬಾಯಾರುತ್ತದೆ.

ಈ ಕೆಲಸ ನನ್ನ ಕೊರಳಿಗೆ ಬಿದ್ದದ್ದು ಗೆಳೆಯರ ಬಳಗದಿಂದ. ತಿಂಗಳಿಗೊಬ್ಬರು ಅರ್ಧ ತಾಸು ಏನಾದರೂ ಮಾತಾಡಬೇಕು ಅಂತ ನಮ್ಮಲ್ಲೊಂದು ರೂಢಿ. ಹಂಪಿ, ಶುಗರ್, ಷೇರು ಮಾರ್ಕೆಟ್ಟು ಎಲ್ಲ ಆಗಲೇ ಮುಗಿದಿದ್ದವು. ಮೊದಲು ಇಂಟರ್‌ನೆಟ್ಟಿನಲ್ಲಿ ‘ಬೆಟ್ಟದ ಸಂಗೀತ’ ಅಂತ ಟೈಪ್ ಮಾಡಿದೆ. ಎಂಟು ತಾಸಿನ ಒಂದು ವಿಡಿಯೋ ಬಂತು. ಕೊಳಲು, ತೊರೆ, ಹಕ್ಕಿ. ಹಾಡಿದವರಾರು, ಯಾವ ಬೆಟ್ಟ, ಒಂದೂ ಇಲ್ಲ. ಕೆಳಗೆ ಮಾತ್ರ ‘ನಿದ್ದೆಗೆ ಉತ್ತಮ’ ಅಂತ ಬರೆದಿತ್ತು. ನನಗೇನೂ ನಿದ್ದೆ ಬರಲಿಲ್ಲ. ಪಕ್ಕದಲ್ಲಿ ಕೂತು ಪುಂಡಿ ಸೊಪ್ಪು ಸೋಸುತ್ತಿದ್ದ ನನ್ನ ಹೆಂಡತಿಗೆ ಬಂತು. ಸಂಜೆ ಎದ್ದವಳೇ, ‘ಇಷ್ಟು ವರ್ಷಕ್ಕೆ ಒಂದು ಉಪಯೋಗದ ಸಂಶೋಧನೆ ಮಾಡಿದ್ರಿ ನೋಡ್ರೀ’ ಅಂದಳು. ಆ ದಿನ ಪುಂಡಿ ಪಲ್ಯ ಇಲ್ಲ.

ಆಮೇಲೆ ಗ್ರಂಥಾಲಯ. ಜನಪದದ ಕಪಾಟಿನಲ್ಲಿ ಗರತಿ ಹಾಡು, ಲಾವಣಿ, ಗೀಗೀ ಪದ ಬೇಕಾದಷ್ಟು. ಅಮೆರಿಕದ್ದು ಬೇಕು ಅಂದಾಗ ಗ್ರಂಥಪಾಲಕರು ತುಂಬಾ ಯೋಚಿಸಿ, ಒಳಗಿನಿಂದ ಒಂದು ದಪ್ಪ ಅಟ್ಲಾಸ್ ತಂದಿಟ್ಟರು. ‘ಬೆಟ್ಟ ಇದರಲ್ಲಿದೆ ಸಾರ್. ಹಾಡು ನೀವು ನೋಡ್ಕೊಳ್ಳಿ.’

ಹಾಡು ನೋಡಿಕೊಂಡವರು ಇಂಗ್ಲೆಂಡಿನ ಸೆಸಿಲ್ ಶಾರ್ಪ್. 1916ರಿಂದ 1918ರ ನಡುವೆ, ಮೌಡ್ ಕಾರ್ಪೆಲೀಸ್ ಎಂಬ ಸಹಾಯಕಿಯ ಜೊತೆ, ಆ ಬೆಟ್ಟಗಳಲ್ಲಿ ಒಟ್ಟು 46 ವಾರ ಅಲೆದರು. ವಯಸ್ಸು ಐವತ್ತು ದಾಟಿತ್ತು, ಮೇಲೆ ಉಬ್ಬಸ ಬೇರೆ. ಹಾಡುವವರ ಎದುರು ಕೂತು ಶಾರ್ಪ್ ಮಟ್ಟನ್ನು ಕೇಳಿದಂತೆಯೇ ಸ್ವರ ಹಾಕಿ ಬರೆಯುವುದು, ಕಾರ್ಪೆಲೀಸ್ ಪದಗಳನ್ನು ಶೀಘ್ರಲಿಪಿಯಲ್ಲಿ ಗೀಚಿಕೊಳ್ಳುವುದು. ಹೀಗೆ 1,600ರಷ್ಟು ಮಟ್ಟುಗಳು ಸಿಕ್ಕವು. ಅವರಿಗಿಂತ ಮುಂಚೆ, 1908ರಿಂದಲೇ, ಒಲಿವ್ ಡೇಮ್ ಕ್ಯಾಂಬೆಲ್ ಎಂಬ ಹೆಣ್ಣುಮಗಳು ಅಲ್ಲಿನ ಹಾಡುಗಳನ್ನು ಬರೆದಿಡುತ್ತಿದ್ದರು. ಶಾರ್ಪ್‌ಗೆ ದಾರಿ ತೋರಿಸಿದ್ದೂ ಅವರೇ. ಹೆಸರು ಜಾಸ್ತಿ ಯಾರಿಗೆ ಬಂತು ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ? ನನ್ನದು ಇನ್ನೊಂದು ತಕರಾರು. ಶಾರ್ಪ್ ಹುಡುಕಿಕೊಂಡು ಹೋದದ್ದು ಇಂಗ್ಲಿಷರ ಹಳೇ ಹಾಡುಗಳನ್ನು. ಹಾಗಾಗಿ ಅಲ್ಲಿನ ಕಪ್ಪು ಜನರ ಹಾಡು ಅವರ ನೋಟ್‌ಬುಕ್ಕಿಗೆ ಬಂದದ್ದು ತೀರಾ ಕಡಿಮೆ. ಆ ಬೆಟ್ಟಗಳ ಸಂಗೀತ ಅಂದಕೂಡಲೇ ನೆನಪಾಗುವ ಬ್ಯಾಂಜೋ ಬಂದದ್ದೇ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಕೈಯಿಂದ!

ಹಾಡು ಹುಡುಕುವುದು ಇನ್ನೊಂದು ಪಜೀತಿ. ಒಂದೇ ಹಾಡನ್ನು ಒಬ್ಬರು ‘ಬಾರ್ಬರಾ ಅಲೆನ್’ ಅಂದರೆ ಇನ್ನೊಬ್ಬರು ‘ಬಾರ್ಬರಿ ಎಲೆನ್’ ಅನ್ನುತ್ತಾರೆ. ಲಂಡನ್ನಿನ ಕಡೆ ಲೈಬ್ರರಿಯನ್ ಆಗಿದ್ದ ಸ್ಟೀವ್ ರೌಡ್ ಇದಕ್ಕೊಂದು ಉಪಾಯ ಮಾಡಿದರು. ಹೆಸರು ಏನಾದರೂ ಇರಲಿ, ಹಾಡಿಗೊಂದು ನಂಬರ್. ಬಾರ್ಬರಾಳದು 54. ಅವರ ಸೂಚಿ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಇದೆ. ನಂಬರ್ ಕೊಟ್ಟರೆ ಅವಳು ಯಾವ ಯಾವ ವೇಷದಲ್ಲಿ ಎಲ್ಲೆಲ್ಲಿ ಇದ್ದಾಳೆ ಅಂತ ಸಾಲಾಗಿ ಬರುತ್ತದೆ. ನಮ್ಮ ಸೋದರಮಾವನಿಗೆ ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಒಂದು, ಓಣಿಯಲ್ಲಿ ಮತ್ತೊಂದು. ಅವರಿಗೂ ಹೀಗೊಂದು ನಂಬರ್ ಬಿದ್ದಿದ್ದರೆ ಪಿಂಚಣಿಗೆ ಅಷ್ಟು ಅಲೆಯಬೇಕಿರಲಿಲ್ಲ.

ಮನೆಯ ಇಂಟರ್‌ನೆಟ್ಟು ಕೈಕೊಟ್ಟ ಒಂದು ದಿನ ಲ್ಯಾಪ್‌ಟಾಪ್ ಹಿಡಿದು ವಾಚನಾಲಯಕ್ಕೇ ಹೋದೆ. ಅಲ್ಲಿ ಕೂರುವವರೆಲ್ಲ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರು. ಒಬ್ಬ ಪುಟ ಜೋರಾಗಿ ತಿರುವಿದರೆ ಇನ್ನೊಬ್ಬ ಗುರಾಯಿಸುತ್ತಾನೆ. ಮಗಳ ವೈರಿಲ್ಲದ ಇಯರ್‌ಫೋನ್ ಹಾಕಿಕೊಂಡು ಬಾರ್ಬರಾಳ ಒಂದು ಹಳೇ ರೆಕಾರ್ಡಿಂಗ್ ಹಚ್ಚಿದೆ. ಯಾವುದೋ ಅಜ್ಜಿ, ವಾದ್ಯದ ಹಂಗಿಲ್ಲದೆ, ಮೂಗಿನಲ್ಲಿ ಎಳೆದೆಳೆದು ಹಾಡುತ್ತಿದ್ದಳು. ಎರಡನೇ ನುಡಿಗೆ ಇಯರ್‌ಫೋನಿನ ಚಾರ್ಜ್ ಮುಗಿಯಿತು. ಲ್ಯಾಪ್‌ಟಾಪ್ ತಕ್ಷಣ ಜವಾಬ್ದಾರಿ ವಹಿಸಿಕೊಂಡು ಅಜ್ಜಿಯನ್ನು ಪೂರ್ತಿ ವಾಲ್ಯೂಮಿನಲ್ಲಿ ಇಡೀ ಹಾಲಿಗೆ ಬಿಟ್ಟಿತು. ನಿಲ್ಲಿಸಲಿ ಅಂತ ಒತ್ತಿದ ಬಟನ್ ಅವಳನ್ನು ಮೊದಲಿನಿಂದ ಶುರು ಮಾಡಿಸಿತು.

ಮೂಲೆಯಲ್ಲಿ ಪೇಪರ್ ಓದುತ್ತಿದ್ದ ತಾತ ಕನ್ನಡಕ ಮೇಲೆ ಸರಿಸಿದರು.

‘ಏನಪ್ಪಾ, ಯಾರು ಹೋದ್ರು?’

‘ಇಬ್ರು ತಾತ.’

‘ಅಯ್ಯೋ ಶಿವನೇ. ಯಾವೂರೋರು?’

ಕಥೆ ಹೇಳಲೇಬೇಕಾಯಿತು. ಹುಡುಗ ಹಾಸಿಗೆ ಹಿಡಿದು ಬಾರ್ಬರಾಳನ್ನು ಕರೆಸುತ್ತಾನೆ. ಅವಳು ನಿಧಾನಕ್ಕೆ ಬಂದು, ಮುಖ ನೋಡಿ, ‘ನೀನು ಸಾಯ್ತೀಯ ಅನ್ಸುತ್ತೆ’ ಅಂತ ಹೇಳಿ ಹೊರಡುತ್ತಾಳೆ. ಅವನು ಸಾಯುತ್ತಾನೆ. ಕೊರಗಿ ಅವಳೂ ಸಾಯುತ್ತಾಳೆ. ಒಬ್ಬರ ಗೋರಿಯಿಂದ ಗುಲಾಬಿ, ಇನ್ನೊಬ್ಬರದರಿಂದ ಮುಳ್ಳಿನ ಬಳ್ಳಿ ಎದ್ದು ಗಂಟು ಹಾಕಿಕೊಳ್ಳುತ್ತವೆ.

‘ರಕ್ತ ಪರೀಕ್ಷೆ ಮಾಡಿಸಿದ್ರಾ?’

‘ತಾತ, ಲಂಡನ್ನಿನ ಸ್ಯಾಮ್ಯುಯೆಲ್ ಪೆಪೀಸ್ ಅನ್ನೋರು ಈ ಹಾಡು ಕೇಳಿ ಡೈರಿಲಿ ಬರೆದದ್ದೇ 1666ರಲ್ಲಿ.’

‘ಹಂಗಾದ್ರೆ ಮಾಡಿಸಿರಲ್ಲ ಬಿಡು. ಗುಲಾಬಿಗೆ ನೀರು ಯಾರು ಹಾಕ್ತಿದ್ರು?’

ನಮ್ಮೂರಲ್ಲಿ ನಳ ಬರುವ ರೀತಿ ಗೊತ್ತಿದ್ದವರಿಗೆ ಇದು ನ್ಯಾಯವಾದ ಪ್ರಶ್ನೆ.

‘ಇಷ್ಟೇನಾ ಕಥೆ?’ ಅಂದರು ತಾತ. ‘ದರೋಜಿ ಈರಮ್ಮನ ಬುರ್ರಕಥೆ ಕೇಳಿದೀಯಾ? ಕುಮಾರರಾಮನ ಕಥೆ ಹಿಡಿದ್ರೆ ಕುಮ್ಮಟದುರ್ಗ ಕಣ್ಮುಂದೆ ಬರ್ತಿತ್ತು.’ ಈರಮ್ಮನವರು ಶಾಲೆ ಕಲಿತವರಲ್ಲ. ಹನ್ನೆರಡು ಕಾವ್ಯಗಳು ಬಾಯಲ್ಲೇ ಇದ್ದವು, ಬರೆದರೆ 7,000 ಪುಟ. 2014ರಲ್ಲಿ ತೀರಿಕೊಂಡರು. ಅಂಥವರನ್ನು ಕೇಳಿದ ಕಿವಿಗೆ ಬಾರ್ಬರಾ ಏನು ಮಹಾ? ತಾತ ಮೇಜು ತಟ್ಟಿ ತಾಳ ಹಿಡಿದು ಒಂದು ಪದ ಎತ್ತಿಯೇಬಿಟ್ಟರು. ಗ್ರಂಥಪಾಲಕರು ಓಡಿ ಬಂದರು. ಬೈಯುತ್ತಾರೆ ಅಂದುಕೊಂಡರೆ, ಒಂದು ನುಡಿ ಪೂರ್ತಿ ಕೇಳಿಸಿಕೊಂಡು, ಆಮೇಲೆ ಗೋಡೆಯ ಮೇಲಿದ್ದ ‘ನಿಶ್ಶಬ್ದ’ ಬೋರ್ಡಿನ ಕಡೆ ಕೈ ತೋರಿಸಿದರು.

ಪಕ್ಕದ ಹುಡುಗ ಮಾತ್ರ ಪೆನ್ನು ಹಿಡಿದು ನನ್ನ ಕಡೆ ಬಗ್ಗಿದ.

‘ಸಾರ್, ಅಮೆರಿಕದ ಜನಪದ ಹಾಡುಗಳ ಸಂಗ್ರಹ ಎಲ್ಲಿದೆ? ಜಿಕೆಲಿ ಕೇಳಬಹುದು.’

‘ಲೈಬ್ರರಿ ಆಫ್ ಕಾಂಗ್ರೆಸ್. ಹಾಡಿನ ಸಂಗ್ರಹ 1928ರಲ್ಲಿ ಶುರುವಾಯ್ತು.’

ಬರೆದುಕೊಂಡ. ಆದರೂ ಪೆನ್ನು ಮುಚ್ಚಲಿಲ್ಲ. ‘ಇನ್ನು ಮೂರು ತಪ್ಪು ಉತ್ತರ ಹೇಳಿ ಸಾರ್, ನಾಲ್ಕು ಆಯ್ಕೆ ಆಗ್ಬೇಕಲ್ಲ.’

‘ನಮ್ದೇ ಈ ಲೈಬ್ರರಿ ಒಂದು ಹಾಕ್ಕೋ’ ಅಂದರು ತಾತ.