ಅದು ಅನುಕಂಪದ ಅಲೆ ಅಲ್ಲ

ಗಂಡ ತೀರಿಕೊಂಡ ಮೇಲೆ ಹೆಂಡತಿ ಅದೇ ಕ್ಷೇತ್ರದಲ್ಲಿ ನಿಂತು ಗೆದ್ದರೆ ನಮ್ಮಲ್ಲಿ ಒಂದೇ ಮಾತು: ಅನುಕಂಪದ ಅಲೆ. ನ್ಯೂಜಿಲೆಂಡಿನ ಮೊದಲ ಸಂಸದೆ ಎಲಿಜಬೆತ್ ಮೆಕೂಮ್ಸ್ ಅವರ ಗೆಲುವನ್ನೂ ಹಾಗೆ ತಳ್ಳಿಹಾಕಿದರೆ ನನಗೆ ತುಂಬಾ ಬೇಜಾರಾಗುತ್ತದೆ.

ಅವರ ಕ್ಷೇತ್ರ ಲಿಟಲ್ಟನ್. ಕ್ರೈಸ್ಟ್‌ಚರ್ಚ್ ನಗರದ ಬಂದರು. ನಗರಕ್ಕೂ ಬಂದರಿಗೂ ನಡುವೆ ಗುಡ್ಡ. 1867ರಲ್ಲೇ ಗುಡ್ಡ ಕೊರೆದು ರೈಲು ಬಿಟ್ಟಿದ್ದರು. ಎಲಿಜಬೆತ್ ಅವರ ಗಂಡ ಜೇಮ್ಸ್ 1913ರಿಂದ ಇಲ್ಲಿನ ಸಂಸದರು. 1931ರಲ್ಲಿ ಗೆದ್ದಿದ್ದು ಕೂದಲೆಳೆಯ ಅಂತರದಲ್ಲಿ. 1933ರಲ್ಲಿ ತೀರಿಕೊಂಡರು. ಸೆಪ್ಟೆಂಬರ್ 13ರ ಉಪಚುನಾವಣೆಯಲ್ಲಿ ಎಲಿಜಬೆತ್ ಭಾರಿ ಅಂತರದಿಂದ ಗೆದ್ದರು.

ಆದರೆ ಅದಕ್ಕೂ ಮೊದಲು? 1921ರಿಂದಲೇ ಅವರು ನಗರಸಭೆಯಲ್ಲಿದ್ದರು. ಆಸ್ಪತ್ರೆ ಮಂಡಳಿಯಲ್ಲಿ ದುಡಿದಿದ್ದರು. 1928ರಲ್ಲಿ ಕೈಯಾಪೋಯ್, 1931ರಲ್ಲಿ ಕ್ರೈಸ್ಟ್‌ಚರ್ಚ್ ನಾರ್ತ್, ಎರಡೂ ಕಡೆ ಲೇಬರ್ ಪಕ್ಷದಿಂದ ನಿಂತು ಸೋತಿದ್ದರು. ಆಗ ಗಂಡ ಬದುಕಿದ್ದರು, ಅಲ್ವಾ? ಆ ದೇಶದ ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ್ದು 1893ರಲ್ಲಿ, ಚುನಾವಣೆಗೆ ನಿಲ್ಲುವ ಹಕ್ಕು 1919ರಲ್ಲಿ. ಸಂಸತ್ತಿನ ಬಾಗಿಲು ದಾಟಲು ಒಟ್ಟು 40 ವರ್ಷ ಹಿಡಿಯಿತು. ಅಷ್ಟು ಗಟ್ಟಿಯಾಗಿ ಮುಚ್ಚಿದ್ದ ಬಾಗಿಲು ಬರೀ ಕಣ್ಣೀರಿಗೆ ತೆರೆಯುವುದಿಲ್ಲ.

ಒಳಗೆ ಹೋದ ಮೇಲೂ ಸುಮ್ನೆ ಕೂರಲಿಲ್ಲ. ಕೆಲಸ ಕಳೆದುಕೊಂಡ ಹೆಂಗಸರ ಪರ ಮಾತಾಡಿದರು. ಸಮಾನ ಕೂಲಿ ಕೇಳಿದರು. ಪೊಲೀಸ್ ಇಲಾಖೆಗೆ ಹೆಂಗಸರನ್ನು ತೆಗೆದುಕೊಳ್ಳಿ ಎಂದರು. ಎರಡು ವರ್ಷ ತುಂಬುವ ಮೊದಲೇ, 1935ರ ಜೂನ್‌ನಲ್ಲಿ, ತೀರಿಕೊಂಡರು. ಆಮೇಲೆ ಬಂದವರು ಮಗ ಟೆರಿ. ಅದನ್ನು ಬೇಕಿದ್ದರೆ ಮನೆತನದ ರಾಜಕಾರಣ ಅನ್ನಿ, ನಾನು ಜಗಳಕ್ಕೆ ಬರುವುದಿಲ್ಲ.

ಮುಂದೆ ಪ್ರಧಾನಿಯಾದ ನಾರ್ಮನ್ ಕರ್ಕ್ ಕೂಡ 1957ರಲ್ಲಿ ಮೊದಲು ಸಂಸತ್ತಿಗೆ ಹೋಗಿದ್ದು ಇಲ್ಲಿಂದಲೇ. ಲಿಟಲ್ಟನ್ ಅಂದರೆ ಜಾಸ್ತಿ ಜನಕ್ಕೆ ನೆನಪಾಗುವುದು ಅವರೇ ಇರಬಹುದು. ನನಗೆ ಮಾತ್ರ ಮುಖ್ಯ ಅನಿಸುವುದು ಬೇರೆ. 1975ರಲ್ಲಿ ಕೊಲೀನ್ ಡ್ಯೂ, 1978ರಲ್ಲಿ ಆ್ಯನ್ ಹರ್ಕಸ್, 1990ರಲ್ಲಿ ಗೇಲ್ ಮೆಕಿಂಟೋಷ್, 1993ರಲ್ಲಿ ರೂತ್ ಡೈಸನ್. ಎಲಿಜಬೆತ್ ಸೇರಿ ಒಂದೇ ಕ್ಷೇತ್ರದಿಂದ ಐವರು ಹೆಂಗಸರು, ಎರಡೂ ದೊಡ್ಡ ಪಕ್ಷಗಳಿಂದ. ಇವರ ಗೆಲುವಿಗೆ ಯಾವ ಅನುಕಂಪದ ಹೆಸರಿಡುತ್ತೀರಿ?

1996ರಲ್ಲಿ ಹೊಸ ಚುನಾವಣಾ ಪದ್ಧತಿ ಬಂತು. ಕ್ಷೇತ್ರಗಳು ಕಡಿಮೆಯಾದವು, ಲಿಟಲ್ಟನ್ ಹೆಸರೂ ಹೋಯಿತು. ಅದಕ್ಕೂ ಮುಂಚೆ, 1984ರಲ್ಲಿ, ಆ್ಯನ್ ಹರ್ಕಸ್ ಮಂತ್ರಿಯಾಗಿದ್ದರು. ಅವರಿಗೆ ಸಿಕ್ಕ ಖಾತೆಗಳಲ್ಲಿ ಒಂದು, ಪೊಲೀಸ್.