ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಯಂತ್ರ ಚಾಲೂ ಇದೆ ಎಂದಲ್ಲ

ಹಲವು ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ತಂತ್ರಾಂಶ ಆನ್ಸಿಬಲ್‌ನಲ್ಲಿ ‘ಲಿಸ್ಟ್ ಹೋಸ್ಟ್ಸ್’ ಆಯ್ಕೆ ಕೊಟ್ಟರೆ ಕ್ಲಸ್ಟರ್‌ನಲ್ಲಿ (ಒಟ್ಟಾಗಿ ಕೆಲಸ ಮಾಡುವ ಕಂಪ್ಯೂಟರ್‌ಗಳ ಗುಂಪಿನಲ್ಲಿ) ಚಾಲೂ ಇರುವ ಯಂತ್ರಗಳಷ್ಟೇ ಕಾಣುತ್ತವೆ ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಆ ಆಯ್ಕೆ ಇನ್ವೆಂಟರಿಯಲ್ಲಿರುವ, ಅಂದರೆ ಆನ್ಸಿಬಲ್‌ಗೆ ಕೊಟ್ಟ ಯಂತ್ರಗಳ ಪಟ್ಟಿಯಲ್ಲಿರುವ, ಹೆಸರುಗಳನ್ನು ಓದಿ ಹೇಳುತ್ತದೆ, ಅಷ್ಟೇ. ಯಾವ ಯಂತ್ರವನ್ನೂ ಸಂಪರ್ಕಿಸುವುದಿಲ್ಲ. ಕರೆಂಟು ಹೋಗಿ ನಿಂತ ಸರ್ವರ್ ಕೂಡ ಅದರಲ್ಲಿರುತ್ತದೆ. ಮತದಾರರ ಪಟ್ಟಿಯಲ್ಲಿರುವವರೆಲ್ಲ ಮತಗಟ್ಟೆಗೆ ಬಂದಿದ್ದಾರೆ ಎಂದು ನಂಬಿದಂತಾಯಿತು!

ಯಂತ್ರ ಸ್ಪಂದಿಸುತ್ತಿದೆಯೇ ಎಂದು ತಿಳಿಯಲು ಆನ್ಸಿಬಲ್‌ನದೇ ‘ಪಿಂಗ್’ ಮಾಡ್ಯೂಲ್ ಬಳಸಿ. ಹೆಸರು ನೋಡಿ ಮೋಸಹೋಗಬೇಡಿ, ಇದು ಯಂತ್ರ ನೆಟ್‌ವರ್ಕ್‌ನಲ್ಲಿ ಸಿಗುತ್ತದೆಯೇ ಎಂದಷ್ಟೇ ನೋಡುವ ಐಸಿಎಂಪಿ ಪಿಂಗ್ ಅಲ್ಲ. ಸಾಮಾನ್ಯವಾಗಿ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಒಳಹೊಕ್ಕು, ಅಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಓಡುತ್ತದೆಯೇ ಎಂದು ಪರೀಕ್ಷಿಸಿ, ಎಲ್ಲ ಸರಿಯಿದ್ದರೆ ‘ಪಾಂಗ್’ ಎಂದು ಉತ್ತರಿಸುತ್ತದೆ.

ಕ್ಲಸ್ಟರ್‌ನ ಕೆಲಸಗಳನ್ನು ಯಂತ್ರಗಳಿಗೆ ಹಂಚುವ ತಂತ್ರಾಂಶವಾದ ಸ್ಲರ್ಮ್ ಇರುವ ಕಡೆ ‘ಎಸ್‌ಇನ್ಫೋ’ ಆದೇಶ ನೋಡ್‌ಗಳ (ಕ್ಲಸ್ಟರ್‌ನ ಒಂದೊಂದು ಯಂತ್ರದ) ಸ್ಥಿತಿಯನ್ನೂ ತೋರಿಸುತ್ತದೆ. ಸ್ಥಿತಿಯ ಪಕ್ಕ ನಕ್ಷತ್ರ ಚಿಹ್ನೆಯಿದ್ದರೆ ಆ ನೋಡ್ ಉತ್ತರಿಸುತ್ತಿಲ್ಲ.