ಕುಂಕುಮವೋ, ಬ್ರೇಕ್ ಎಣ್ಣೆಯೋ

ಟೆಕ್ಸಾಸ್‌ನ ನಮ್ಮ ಮನೆಯ ಗ್ಯಾರೇಜಿಗೆ ಆರು ವರ್ಷ ಕಾರು ಬರಲಿಲ್ಲ. ಅಲ್ಲಿ ನಾನು ವಿಮಾನ ಕಟ್ಟುತ್ತಿದ್ದೆ. ಆರ್‌ವಿ-7 ಅನ್ನುವ ಎರಡು ಸೀಟಿನ ಕಿಟ್ ವಿಮಾನ. ಅರ್ಧಕ್ಕಿಂತ ಜಾಸ್ತಿ ಕೆಲಸ ಹವ್ಯಾಸಿಗಳೇ ಮಾಡಿರಬೇಕು ಅನ್ನುವುದು ಅಮೆರಿಕದ ನಿಯಮ. ತಪ್ಪುಗಳನ್ನಂತೂ ಪೂರ್ತಿ ನಾನೇ ಮಾಡಿದೆ.

ಈ ಕಥೆ ಅದರ ಹೈಡ್ರಾಲಿಕ್‌ನದು, ಅಂದರೆ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಭಾಗದ್ದು. ಹೆದರಬೇಡಿ. ಈ ವಿಮಾನದ ಚಕ್ರ ಹಾರುವಾಗ ಒಳಗೆ ಮಡಚಿಕೊಳ್ಳುವುದಿಲ್ಲ. ಎಣ್ಣೆ ಬೇಕಿರುವುದು ಬ್ರೇಕಿಗೆ ಮಾತ್ರ. ಪೆಡಲ್‌ನ ಮೇಲ್ತುದಿ ಒತ್ತಿದರೆ ಪುಟ್ಟ ಸಿಲಿಂಡರೊಂದು ಎಣ್ಣೆ ತಳ್ಳುತ್ತದೆ, ಚಕ್ರ ನಿಲ್ಲುತ್ತದೆ. ಎಣ್ಣೆಯ ಹೆಸರು 5606. ಗುರುತಿಗೆ ಅಂತ ಅದಕ್ಕೆ ಕೆಂಪು ಬಣ್ಣ ಹಾಕಿರುತ್ತಾರೆ. ಸೋರಿದರೆ ಥಟ್ಟನೆ ಕಾಣುತ್ತದೆ. ಕಾಣಬೇಕಿತ್ತು.

ಎಣ್ಣೆ ತುಂಬಿಸಿದ ವಾರವೇ ಆಯುಧ ಪೂಜೆ ಬಂತು. ಹೆಂಡತಿ ಚಕ್ರಗಳಿಗೆ ಕುಂಕುಮ ಹಚ್ಚಿದಳು, ನಿಂಬೆಹಣ್ಣು ಇಟ್ಟಳು. ಮಾರನೇ ದಿನ ನೋಡಿದರೆ ಎಡಚಕ್ರದ ಒಳಬದಿ ಕೆಂಪಗೆ ಒದ್ದೆ. ಕುಂಕುಮ ಇಳಿದಿದೆ ಅಂದುಕೊಂಡೆ. ಮೂರನೇ ದಿನ ಇನ್ನೂ ಕೆಳಗಿಳಿದಿತ್ತು. "ಈ ಸಲ ನೀರು ಜಾಸ್ತಿ ಹಾಕಿದ್ದೀಯ" ಎಂದು ಗೊಣಗಿದೆ. ದಿನಾ ಸಂಜೆ ಸೀಟಿನಲ್ಲಿ ಕೂತು ಸುಮ್ನೆ ಪೆಡಲ್ ಒತ್ತುವ ಚಟ ನನಗೆ. ವಾರ ಕಳೆಯುವಷ್ಟರಲ್ಲಿ ಹತ್ತಿ ದಿಂಬು ಒತ್ತಿದ ಹಾಗಾಯಿತು. ಒಳಗೆ ಗಾಳಿ ಸೇರಿತ್ತು. ಎಷ್ಟೇ ನೀರು ಹಾಕಿದರೂ ಕುಂಕುಮ ಒಂದು ವಾರ ಸೋರುವುದಿಲ್ಲ, ಅಲ್ವಾ?

ಎಣ್ಣೆಯ ಕೊಳವೆ ಬ್ರೇಕಿಗೆ ಸೇರುವ ಜಾಗದ ನಟ್ಟು ಬಿಗಿ ಮಾಡಿದೆ. ಸೋರಿತು. ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತಿದೆ. ಟೇಪ್ ಸಮೇತ ಸೋರಿತು. ಕೊನೆಗೆ ಊರಿನ ನಿವೃತ್ತ ಮೆಕ್ಯಾನಿಕ್ ತಾತನೊಬ್ಬನನ್ನು ಕರೆದೆ. ಅವನು ಟೇಪನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಸತ್ತ ಜಿರಳೆ ನೋಡುವ ಹಾಗೆ ನೋಡಿದ. ಅಲ್ಲಿ ಲೋಹಕ್ಕೆ ಲೋಹ ಕೂತೇ ಎಣ್ಣೆ ತಡೆಯಬೇಕಂತೆ, ಟೇಪಿಗೆ ಕೆಲಸವೇ ಇಲ್ಲ. ಕೊಳವೆಯ ಬಾಯಿ ಅಗಲಿಸಲು ನಾನು ಪಕ್ಕದ ಮನೆಯ ಕಾರಿನ ಟೂಲ್ ತಂದಿದ್ದೆ. ಕಾರಿನಲ್ಲಿ ಆ ಬಾಯಿಯ ಓರೆ 45 ಡಿಗ್ರಿ, ವಿಮಾನದ್ದು 37. ಎಂಟೇ ಡಿಗ್ರಿಗೆ ಒಂದು ವಾರದ ಓಕುಳಿ.

ಹೊಸ ಕೊಳವೆ ಹಾಕಿದ್ದಾಯಿತು. ಇನ್ನು ಗಾಳಿ ತೆಗೆಯಬೇಕು. ಗುಳ್ಳೆ ಹೇಗೂ ಮೇಲಕ್ಕೇ ಹೋಗುವುದರಿಂದ ಚಕ್ರದ ಕಡೆಯಿಂದ ಎಣ್ಣೆ ಒತ್ತಿದರೆ ಸುಲಭ. ಮೇಲಿನ ಎಣ್ಣೆ ಡಬ್ಬಿ ತುಂಬಿದ ಕೂಡಲೇ "ಸಾಕು" ಅನ್ನುವುದು ಹೆಂಡತಿಯ ಕೆಲಸ. ಅಷ್ಟರಲ್ಲಿ ತುಮಕೂರಿನಿಂದ ಅತ್ತೆಯ ಫೋನ್ ಬಂತು. ಪಂಕ್ತಿಯಲ್ಲಿ ಪಾಯಸ ಬಡಿಸುವವರಂತೆ ನಾನು ಒತ್ತುತ್ತಲೇ ಇದ್ದೆ. ಅವಳು "ಸಾಕು" ಅಂದದ್ದು ಚಪ್ಪಲಿ ಒದ್ದೆಯಾದ ಮೇಲೆ.

ನೆಲ ಒರೆಸುತ್ತಿದ್ದಾಗ ತಾತ ಕೇಳಿದ, "ಪಕ್ಕದ ಸೀಟಿಗೂ ಬ್ರೇಕ್ ಯಾಕೆ?" ಡಬ್ಬಿಯ ಎಣ್ಣೆ ಮೊದಲು ಆ ಸೀಟಿನ ಸಿಲಿಂಡರಿಗೆ ಹೋಗಿ, ಆಮೇಲೆ ನನ್ನದಕ್ಕೆ ಬರುತ್ತದೆ. ಆ ಸೀಟಿಗೇ ಎರಡು ಸಿಲಿಂಡರ್, ಅವಕ್ಕೆ ನಾಲ್ಕು ಜಾಯಿಂಟ್. ಗುಳ್ಳೆ ಅಡಗಿ ಕೂರಲು ಇನ್ನೂ ನಾಲ್ಕು ಜಾಗ. ಹೆಂಡತಿ ಪೈಲಟ್ ಅಲ್ಲ. ಪ್ರೀತಿಗೆ ಹಾಕಿಸಿದ್ದೆ. "ಕಿತ್ತು ಹಾಕಿ" ಎಂದಳು, ಚಪ್ಪಲಿ ತೊಳೆಯುತ್ತಾ.

ಕಿತ್ತೆ. ಮೊನ್ನೆ ವಿಮಾನವನ್ನು ಹ್ಯಾಂಗರಿಗೆ ಸಾಗಿಸಿ, ನೆಲದ ಮೇಲೆ ನಿಧಾನವಾಗಿ ಓಡಿಸಿದೆ. ಅವಳೂ ಕೂತಿದ್ದಳು. ಕಾರಿನಲ್ಲಿ ಇಪ್ಪತ್ತು ವರ್ಷದಿಂದ ಪಕ್ಕದ ಸೀಟಲ್ಲಿ ಕೂತು ಬರೀ ನೆಲ ಒತ್ತಿ ಬ್ರೇಕ್ ಹಾಕುವವಳು. ಹ್ಯಾಂಗರ್ ಬಾಗಿಲು ಹತ್ತಿರ ಬರುತ್ತಿದ್ದಂತೆ ಎರಡೂ ಕಾಲಿಂದ ಒತ್ತಿದಳು. ನಾನೂ ಒತ್ತಿದೆ. ವಿಮಾನ ನಿಂತಿತು.

"ನಾನು ಇಲ್ಲದಿದ್ದರೆ ಏನು ಗತಿಯಾಗುತ್ತಿತ್ತು ನೋಡಿ" ಎಂದಳು.